ಶೇಕಡಾ ೯೯ ಸರಿ, ಆದರೆ ಯಾರ ಬಾಯಲ್ಲಿ?



ಇಲ್ಲಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನಮ್ಮ ವೈದ್ಯ ಮಿತ್ರರಿಗೆ ಮೊದಲು ಒಂದು ಪ್ರಶ್ನೆ. ಮೈಕಿಗೆ ಡಿಕ್ಟೇಟ್ ಮಾಡುವಾಗ ನೀವು "ಫಿಫ್ಟೀನ್" ಅಂದಿದ್ದು ಪರದೆಯ ಮೇಲೆ ಎಷ್ಟು ಸಲ "ಫಿಫ್ಟಿ" ಆಗಿದೆ? ನನಗೆ ಆಗಿದೆ. ಇನ್ಸುಲಿನ್ ೧೫ ಯೂನಿಟ್ ಎಂದು ಹೇಳಿದ್ದು ೫೦ ಎಂದು ಮೂಡಿತ್ತು. ಸಹಿ ಹಾಕುವ ಮೊದಲು ಕಣ್ಣಿಗೆ ಬಿತ್ತು, ಬಚಾವ್! ಐಟಿ ವಿಭಾಗಕ್ಕೆ ದೂರು ಕೊಟ್ಟರೆ ಬಂದ ಉತ್ತರ: "ಡಾಕ್ಟರ್, ಆಕ್ಸೆಂಟ್ ಸ್ವಲ್ಪ ತಿದ್ದಿಕೊಂಡು ನಿಧಾನವಾಗಿ ಮಾತಾಡಿ." ನಾನು ತಲೆಯಾಡಿಸಿ ಸುಮ್ಮನೆ ಬಂದೆ. ನಾಚಿಕೆಯಾಗಬೇಕಾದದ್ದು ಅದಕ್ಕೆ, ಉಚ್ಚಾರಕ್ಕಲ್ಲ.

ನಮ್ಮ ಉಚ್ಚಾರಕ್ಕೆ ಒಂದು ನಿಯಮವಿದೆ ಸ್ವಾಮಿ. ಇಂಗ್ಲಿಷ್ ಮನೆಮಾತಿನವರು ಪದದ ಮೊದಲಲ್ಲಿ ಬರುವ ಪ, ಟ, ಕಗಳನ್ನು ಉಸಿರು ಸೇರಿಸಿ, ಹೆಚ್ಚುಕಡಿಮೆ ಮಹಾಪ್ರಾಣದಂತೆ ಹೇಳುತ್ತಾರೆ. ನಾವು ಅಲ್ಪಪ್ರಾಣದಲ್ಲೇ ಮುಗಿಸುತ್ತೇವೆ. ಹಾಗಾಗಿ ನಮ್ಮ ಪ ಅವರ ಕಿವಿಗೆ ಬ ಆಗಿಬಿಡಬಹುದು. ಅವರ "ಫಿಫ್ಟೀನ್"ನಲ್ಲಿ ಒತ್ತು ಸಾಮಾನ್ಯವಾಗಿ ಕೊನೆಗೆ, "ಫಿಫ್ಟಿ"ಯಲ್ಲಿ ಮೊದಲಿಗೆ. ನಾವು ಎರಡು ಕಡೆಗೂ ಸಮನಾದ ತೂಕ ಕೊಡುತ್ತೇವೆ. ವಿ, ಡಬ್ಲ್ಯು ಎರಡೂ ನಮಗೆ ಒಂದೇ ವ. ಲಕ್ಷಾಂತರ ಜನ ಒಂದೇ ರೀತಿ ಪಾಲಿಸುವ ಇಂಥ ನಿಯಮವನ್ನು ಯಂತ್ರಕ್ಕೆ ಕಲಿಸಲು ಆಗುತ್ತದೆ, ಕಲಿಸುವ ಮನಸ್ಸಿದ್ದರೆ. ಅಮೆರಿಕದ ವೈದ್ಯರಲ್ಲಿ ಸುಮಾರು ನಾಲ್ವರಲ್ಲೊಬ್ಬರು ಹೊರದೇಶದಲ್ಲಿ ಓದಿ ಬಂದವರು, ಅವರಲ್ಲಿ ಭಾರತದವರದೇ ದೊಡ್ಡ ಗುಂಪು. ಇಷ್ಟು ದೊಡ್ಡ ಗಿರಾಕಿಯ ನಾಲಿಗೆಯನ್ನು "ತೊಂದರೆ" ಎಂದು ಕರೆಯುವ ವ್ಯಾಪಾರ ಬೇರೆಲ್ಲಾದರೂ ಉಂಟೇ?

ಮಾರಾಟಗಾರ ಬಂದು "೯೯ ಪರ್ಸೆಂಟ್ ಅಕ್ಯುರೆಸಿ" ಅನ್ನುತ್ತಾನೆ. ಆ ಲೆಕ್ಕದಲ್ಲಿ ಎಲ್ಲ ಪದಕ್ಕೂ ಒಂದೇ ಬೆಲೆ. ನೂರು ಪದದ ಟಿಪ್ಪಣಿಯಲ್ಲಿ ಒಂದು "ದಿ" ಬಿಟ್ಟುಹೋದರೂ ೯೯, "ನೋ ಚೆಸ್ಟ್ ಪೇನ್"ನಲ್ಲಿ "ನೋ" ಬಿಟ್ಟುಹೋದರೂ ೯೯. ಹೈಪರ್‌ಟೆನ್ಷನ್ ಹೋಗಿ ಹೈಪೋಟೆನ್ಷನ್ ಆದರೂ ಅಷ್ಟೇ! ಅದೂ ಯಾರ ದನಿಯ ಮೇಲೆ ಅಳೆದ ೯೯? ೨೦೨೦ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ತಂತ್ರಾಂಶಗಳನ್ನು ಒರೆಗೆ ಹಚ್ಚಿದರು. ಸರಾಸರಿ ಪದದೋಷ ಬಿಳಿಯರ ಮಾತಿಗೆ ಶೇ. ೧೯, ಕರಿಯರ ಮಾತಿಗೆ ಶೇ. ೩೫. ಅದು ವೈದ್ಯಕೀಯ ಡಿಕ್ಟೇಶನ್ ಅಲ್ಲ, ಮಾಮೂಲಿ ಮಾತುಕತೆ. ಆದರೂ ಇದೇ ದೇಶದಲ್ಲಿ ಹುಟ್ಟಿ ಬೆಳೆದವರ ಗತಿ ಹೀಗಿದ್ದರೆ ಹಾಸನ, ಹುಬ್ಬಳ್ಳಿಯಿಂದ ಬಂದ ನಮ್ಮ ಪಾಡೇನು?

೧೯೯೦ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ತರಬೇತಿ ಕೇಂದ್ರಗಳು ಎಲ್ಲೆಂದರಲ್ಲಿ ತಲೆ ಎತ್ತಿದ್ದು ನೆನಪಿದೆಯಾ? ನಮ್ಮ ಹುಡುಗ ಹುಡುಗಿಯರು ಹೆಡ್‌ಫೋನ್ ಹಾಕಿಕೊಂಡು, ಪೆಡಲ್ ತುಳಿಯುತ್ತಾ, ಅಮೆರಿಕದ ಡಾಕ್ಟರರ ಗೊಣಗಾಟವನ್ನು ರಾತ್ರಿಯೆಲ್ಲಾ ಬಿಡಿಸಿ ಬರೆದರು. ಟೆಕ್ಸಾಸಿನ ರಾಗವೋ ಬಾಸ್ಟನ್ನಿನ ರಾಗವೋ, ಕಲಿತುಕೊಂಡರು. "ಡಾಕ್ಟರ್, ಆಕ್ಸೆಂಟ್ ತಿದ್ದಿಕೊಳ್ಳಿ" ಎಂದು ಯಾರೂ ಪತ್ರ ಬರೆಯಲಿಲ್ಲ. ಅವರಿಗೆ ಇನ್ನೊಂದು ಶಿಸ್ತಿತ್ತು: ಕೇಳಿಸದಿದ್ದರೆ ಜಾಗ ಖಾಲಿ ಬಿಟ್ಟು ಗುರುತು ಹಾಕುವುದು. ಊಹೆ ಮಾಡಿ ತುಂಬಿದರೆ ಬೈಗುಳ! ಇಂಥ ಕಿವಿಗಳ ಬೆಲೆ ಎಷ್ಟೆಂದು ೨೦೧೮ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳುತ್ತದೆ. ಎರಡು ಸಂಸ್ಥೆಗಳ ೨೧೭ ಟಿಪ್ಪಣಿಗಳಲ್ಲಿ ಯಂತ್ರ ಬರೆದಾಗ ತಪ್ಪು ಶೇ. ೭.೪. ಟ್ರಾನ್ಸ್‌ಕ್ರಿಪ್ಷನ್ ಮಾಡುವವರು ತಿದ್ದಿದ ಮೇಲೆ ಶೇ. ೦.೪. ಆಮೇಲೆ ವೈದ್ಯರು ನೋಡಿ ಸಹಿ ಹಾಕಿದ್ದರಲ್ಲಿ ಶೇ. ೦.೩. ಅಂದರೆ ಹೆಚ್ಚುಕಡಿಮೆ ಎಲ್ಲಾ ತಪ್ಪನ್ನೂ ಹಿಡಿದದ್ದು ನಡುವಿನ ಆ ಮನುಷ್ಯ. ಅನೇಕ ಆಸ್ಪತ್ರೆಗಳು ಈಗ ತೆಗೆದುಹಾಕಿರುವುದು ಅವನನ್ನೇ.

ಹೊಸ ಯಂತ್ರಗಳು ಇನ್ನೂ ಅಪಾಯ. ಹಿಂದೆ ತಪ್ಪು ನೋಡಿದರೆ ನಗು ಬರುತ್ತಿತ್ತು, ಹಾಗಾಗಿ ಸಿಕ್ಕಿಬೀಳುತ್ತಿತ್ತು. ಈಗಿನದು ಅಚ್ಚುಕಟ್ಟಾದ ವಾಕ್ಯದಲ್ಲಿ ಸುಳ್ಳು ಹೇಳುತ್ತದೆ. ಓಪನ್‌ಎಐನ ವಿಸ್ಪರ್ ಬಗ್ಗೆ ೨೦೨೪ರಲ್ಲಿ ಬಂದ ಅಧ್ಯಯನದಲ್ಲಿ ಸುಮಾರು ಶೇ. ೧ರಷ್ಟು ಧ್ವನಿತುಣುಕುಗಳಲ್ಲಿ ಯಾರೂ ಆಡದ ಮಾತು ಸೇರಿಕೊಂಡಿತ್ತು. ಇಷ್ಟಾಗಿಯೂ ಟಿಪ್ಪಣಿಯ ಅಡಿಯಲ್ಲಿ ಒಂದು ಸಾಲು ಇರುತ್ತದೆ: ಇದನ್ನು ಧ್ವನಿ ತಂತ್ರಾಂಶದಿಂದ ತಯಾರಿಸಲಾಗಿದೆ, ತಪ್ಪಿರಬಹುದು. ಲಾಭ ಕಂಪನಿಗೆ, ಸಹಿ ನಮ್ಮದು!

(ಊರಿಂದ ಬಂದ ಅಮ್ಮ ಡಾಕ್ಟರ ಮುಂದೆ "ಎದೆ ಹಿಡಿದಂಗಾಗತ್ತೆ" ಎಂದಾಗ ಈ ಯಂತ್ರ ಏನು ಬರೆದುಕೊಳ್ಳುತ್ತದೆ ಎಂಬುದು ಇನ್ನೊಂದು ಪತ್ರಕ್ಕಾಗುವಷ್ಟಿದೆ.)

ಮಿತ್ರರೇ, ಖರೀದಿ ಸಮಿತಿಗಳಲ್ಲಿ ನಮ್ಮವರಿದ್ದೀರಿ. ಔಷಧಿಯ ಹೆಸರು, ಡೋಸು, ಎಡ-ಬಲ, "ನೋ" ಇವುಗಳ ತಪ್ಪನ್ನು ಬೇರೆಯಾಗಿ ಎಣಿಸಿ, ಉಚ್ಚಾರವಾರು ಅಂಕಿ ತೋರಿಸದ ಹೊರತು ಒಪ್ಪಂದಕ್ಕೆ ಕೈ ಎತ್ತಬೇಡಿ. ಈ ತಂತ್ರಾಂಶ ಬರೆಯುವ ಕಂಪನಿಗಳಲ್ಲೂ ನಮ್ಮವರಿದ್ದೀರಿ. ಯಾವ ಪದದ ಬಗ್ಗೆ ಯಂತ್ರಕ್ಕೇ ನಂಬಿಕೆ ಕಡಿಮೆ ಎಂಬ ಅಂದಾಜು ಒಳಗೆ ಸಿಗುತ್ತದೆ ಎಂದು ನಿಮಗೆ ಗೊತ್ತು. ಅದನ್ನು ಬಚ್ಚಿಡದೆ ಪರದೆಯ ಮೇಲೆ ಬಣ್ಣದಲ್ಲಿ ತೋರಿಸಿ, ಇಲ್ಲವೇ ಬೆಂಗಳೂರಿನ ಹುಡುಗಿಯ ಹಾಗೆ ಜಾಗ ಖಾಲಿ ಬಿಡಿ. ಪರೀಕ್ಷೆಗೆ ನಮ್ಮ ಇಂಗ್ಲಿಷಿನ ಧ್ವನಿ ಬೇಕಾದರೆ, ಒಪ್ಪಿಗೆ ಪತ್ರ ತನ್ನಿ, ಒಂದು ಗಂಟೆ ಓದಿಕೊಡಲು ನಾನು ತಯಾರು.

ಯಾವ ಉಚ್ಚಾರಗಳ ಮೇಲೆ ಪರೀಕ್ಷೆ ಮಾಡಿದ್ದೀರಿ, ವರದಿ ಕೊಡಿ ಎಂದು ನಮ್ಮ ಐಟಿ ವಿಭಾಗಕ್ಕೆ ಕಳೆದ ತಿಂಗಳು ಬರೆದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ನೀವೂ ಕೇಳಿ.