ಮೀಸಲು ಡಿಸ್ಕಿಗೂ ಬೇಕು ಆಗಾಗ ಪರೀಕ್ಷೆ

2021ರ ಫೆಬ್ರವರಿ 24ರಂದು ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬೆಳಿಗ್ಗೆ 11.40ಕ್ಕೆ ನಿಂತ ವಹಿವಾಟು ಪುನಃ ಆರಂಭವಾದದ್ದು ಮಧ್ಯಾಹ್ನ 3.45ಕ್ಕೆ. ದೂರಸಂಪರ್ಕ ಮಾರ್ಗಗಳು ಕೆಟ್ಟಾಗ ಮಾಹಿತಿ ಸಂಗ್ರಹಣಾ ಜಾಲವೂ ಸರ್ವರುಗಳಿಗೆ ಎಟುಕದಂತಾಯಿತು. ಇಂಥ ಸಂದರ್ಭಕ್ಕೆಂದೇ ಮೀಸಲು ಕೇಂದ್ರವಿದ್ದರೂ ಅಂದು ವಹಿವಾಟು ಅಲ್ಲಿಗೆ ಸ್ಥಳಾಂತರಗೊಳ್ಳಲಿಲ್ಲ. ನಿವೃತ್ತಿಯ ಉಳಿತಾಯವನ್ನು ಷೇರು, ಮ್ಯೂಚುವಲ್ ಫಂಡುಗಳಲ್ಲಿಟ್ಟಿರುವ ನಮ್ಮ ಕುಟುಂಬಗಳಿಗೆ ಇದು ದೂರದ ಸುದ್ದಿಯಲ್ಲ. ಮೀಸಲು ಇದ್ದೂ ಏಕೆ ಒದಗುವುದಿಲ್ಲ ಎಂಬುದನ್ನು ನಾವೂ ಅರಿಯಬೇಕಾಗಿದೆ.

ಬ್ಯಾಂಕಿನ ಲೆಕ್ಕವಾಗಲಿ, ರೈಲು ಟಿಕೆಟಿನ ದಾಖಲೆಯಾಗಲಿ, ಒಂದೇ ಡಿಸ್ಕಿನ ಮೇಲೆ ಅವಲಂಬಿಸಿರುವುದಿಲ್ಲ. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಮಂಡಿಸಿದ 'ರೈಡ್' ಪದ್ಧತಿಯಲ್ಲಿ ಹಲವು ಡಿಸ್ಕುಗಳು ಒಂದಾಗಿ ದುಡಿಯುತ್ತವೆ. ಒಂದು ಕೆಟ್ಟರೆ ಅದರಲ್ಲಿದ್ದ ಮಾಹಿತಿಯನ್ನು ಉಳಿದವುಗಳಿಂದ ಮರಳಿ ಪಡೆಯಬಹುದು. ಪಕ್ಕದಲ್ಲೇ ವಿದ್ಯುತ್ ಸಂಪರ್ಕದೊಡನೆ ಸಿದ್ಧವಾಗಿರುವ ಮೀಸಲು ಡಿಸ್ಕು ತಾನಾಗಿಯೇ ಕೆಟ್ಟದ್ದರ ಸ್ಥಾನ ವಹಿಸಿಕೊಳ್ಳುತ್ತದೆ.

ಆದರೆ ಈ ಮರುನಿರ್ಮಾಣ ಕ್ಷಣಾರ್ಧದ ಕೆಲಸವಲ್ಲ. 20 ಟೆರಾಬೈಟಿನ ಡಿಸ್ಕಿಗೆ ಸೆಕೆಂಡಿಗೆ 200 ಮೆಗಾಬೈಟಿನಂತೆ ಬರೆಯುತ್ತ ಹೋದರೂ ಸುಮಾರು 28 ಗಂಟೆಗಳು ಬೇಕು. ಒಂದು ಡಿಸ್ಕಿನ ನಷ್ಟವನ್ನಷ್ಟೇ ತಾಳಬಲ್ಲ ಏರ್ಪಾಡಿನಲ್ಲಿ ಆ ಅವಧಿಯಲ್ಲಿ ಮತ್ತೊಂದು ಕೆಟ್ಟರೆ ಮಾಹಿತಿ ಹೋದಂತೆಯೇ. ಒಂದೇ ತಂಡದಲ್ಲಿ ತಯಾರಾಗಿ ಒಂದೇ ದಿನ ಕೆಲಸಕ್ಕೆ ಇಳಿದ ಡಿಸ್ಕುಗಳು ಹೆಚ್ಚುಕಡಿಮೆ ಒಟ್ಟಿಗೇ ಮುಪ್ಪಾಗುವುದೂ ಉಂಟು. ಮೀಸಲು ಡಿಸ್ಕಿನ ಗಾತ್ರ ಮೂಲದ್ದಕ್ಕಿಂತ ಕಡಿಮೆಯಿದ್ದರೆ ಅದು ಉಪಯೋಗಕ್ಕೆ ಬಾರದು. ಅದು ಒಮ್ಮೆ ಬಳಕೆಯಾದ ಮೇಲೆ ಬೇರೊಂದನ್ನು ತಂದಿಡದಿದ್ದರೆ ಮುಂದಿನ ಆಪತ್ತಿಗೆ ಆಸರೆಯಿಲ್ಲ. ಕೆಲಸವಿಲ್ಲದೆ ಕುಳಿತ ಡಿಸ್ಕು ಯಾರಿಗೂ ತಿಳಿಯದಂತೆ ಕೆಟ್ಟಿರಲೂಬಹುದು.

ಟೋಕಿಯೊ ಷೇರು ವಿನಿಮಯ ಕೇಂದ್ರದ ಅನುಭವ ಇದಕ್ಕೆ ತಕ್ಕ ನಿದರ್ಶನ. 2020ರ ಅಕ್ಟೋಬರ್ 1ರಂದು ಅಲ್ಲಿಯ ಡಿಸ್ಕ್ ಸಾಧನವೊಂದರ ಮೆಮೊರಿ ಕೆಟ್ಟಿತು. ಜೊತೆಯ ಸಾಧನ ಸುಸ್ಥಿತಿಯಲ್ಲಿದ್ದರೂ ಸ್ವಯಂಚಾಲಿತ ಬದಲಾವಣೆ ನಡೆಯಲಿಲ್ಲ. ಕೈಪಿಡಿಯಲ್ಲಿ ಬರೆದಂತೆ ಆ ಸಾಧನ ವರ್ತಿಸುತ್ತಿರಲಿಲ್ಲ ಎಂಬುದು ಬಳಿಕ ತಿಳಿದುಬಂತು. ಇಡೀ ದಿನದ ವಹಿವಾಟು ರದ್ದಾಯಿತು. ಆ ವರ್ಷದ ನವೆಂಬರಿನಲ್ಲಿ ಕೇಂದ್ರದ ಅಧ್ಯಕ್ಷರು ರಾಜೀನಾಮೆಯಿತ್ತರು. ಒಂದು ಪೂರ್ಣ ಪ್ರಯೋಗ ಮೊದಲೇ ನಡೆದಿದ್ದರೆ ಈ ದೋಷ ಬೆಳಕಿಗೆ ಬರುತ್ತಿತ್ತು.

ನಮ್ಮ ದೇಶದಲ್ಲಿ ಪಾಠ ವ್ಯರ್ಥವಾಗಲಿಲ್ಲವೆಂಬುದು ಸಮಾಧಾನದ ಸಂಗತಿ. ಗಂಭೀರ ಅಡಚಣೆ ಉಂಟಾದ 30 ನಿಮಿಷಗಳೊಳಗೆ ಆಪತ್ತನ್ನು ಘೋಷಿಸಬೇಕು, ಘೋಷಣೆಯಾದ 45 ನಿಮಿಷಗಳೊಳಗೆ ಮೀಸಲು ಕೇಂದ್ರದಿಂದ ಕೆಲಸ ಆರಂಭವಾಗಬೇಕು ಎಂದು 2021ರ ಮಾರ್ಚಿನಲ್ಲಿ ಸೆಬಿ ವಿಧಿಸಿತು. 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು ಷೇರುಪೇಟೆಗಳು ವಿಶೇಷ ವಹಿವಾಟು ನಡೆಸಿ, ಮುಖ್ಯ ಕೇಂದ್ರದಲ್ಲಿ ತೊಡಗಿದ ಕೆಲಸವನ್ನು ಅದೇ ದಿನ ಮೀಸಲು ಕೇಂದ್ರದಲ್ಲಿ ಮುಂದುವರಿಸಿ ತೋರಿಸಿದವು. ಷೇರುಪೇಟೆಗಳಿಗಿರುವ ಈ ಶಿಸ್ತು ಆಸ್ಪತ್ರೆ, ವಿಶ್ವವಿದ್ಯಾಲಯ, ಭೂದಾಖಲೆಗಳ ಕಚೇರಿಗಳಿಗೂ ಬರಬೇಕೆಂಬುದು ನಮ್ಮ ಅಭಿಪ್ರಾಯ.

ಮೀಸಲು ಡಿಸ್ಕು ಪ್ರತ್ಯೇಕ ಪ್ರತಿಗೆ ಬದಲಿಯಲ್ಲ ಎಂಬುದನ್ನೂ ಮರೆಯಲಾಗದು. ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರಕಾರಿ ಮಾಹಿತಿ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬೆಂಕಿ ಬಿದ್ದಾಗ, ಹೊರಗೆ ಪ್ರತಿಯಿಲ್ಲದ 858 ಟೆರಾಬೈಟ್ ಕಡತಗಳು ನಾಶವಾದವು.

ಹೊರನಾಡಿನ ನಮ್ಮ ಸಂಘಗಳೂ ಇಂದು ಸ್ಮರಣ ಸಂಚಿಕೆಗಳನ್ನು, ನಾಟಕೋತ್ಸವದ ಹಳೆಯ ಛಾಯಾಚಿತ್ರಗಳನ್ನು ಕಂಪ್ಯೂಟರಿಗೆ ಏರಿಸುತ್ತಿವೆ. ಪ್ರತಿಯೊಂದು ಮತ್ತೊಂದು ಊರಿನಲ್ಲಿರಲಿ. ವಾರ್ಷಿಕ ಮಹಾಸಭೆಗೆ ಮುನ್ನ ಅದರಿಂದ ನಾಲ್ಕು ಚಿತ್ರಗಳನ್ನಾದರೂ ತೆರೆದು ನೋಡುವ ಹೊಣೆಯನ್ನು ಕಾರ್ಯಕಾರಿ ಸಮಿತಿಯ ಒಬ್ಬರಿಗೆ ವಹಿಸೋಣ.