ತಾಳ್ಮಿ ಅಲ್ಲ, ಲೆಕ್ಕ ಕೇಳ್ರಿ (ಭಾಗ 3)

ಆಳಂದ, ಅಫಜಲಪುರ, ಜೇವರ್ಗಿಯಿಂದ ಬೆಂಗಳೂರಿನ ಕಾಲ್ ಸೆಂಟರಿಗೆ ಹೋದ ಸೀನಿಯರ್‌ಗಳು ಬ್ಯಾಸತ್ತು ವಾಪಸ್ ಬರ್ಲಿಕತ್ತಾರ. "ಈ ಹುಡುಗ್ರಿಗೆ ತಾಳ್ಮಿ ಇಲ್ಲ" ಅಂತೀರಿ. ತೊಗರಿ ಹೊಲದ ಬಿಸಲಾಗ ಬೆಳೆದವರಿಗೆ ತಾಳ್ಮಿ ಪಾಠ ಬ್ಯಾಡ್ರಿ!

ರಾತ್ರಿಯಿಡೀ ಬೈಸಿಕೊಂಡು "ಸಾರಿ ಸರ್" ಅನ್ನಬೇಕು. ಪಿಜಿ ಬಾಡಿಗಿ, ಊಟ ಕಳದ್ರ ಮನಿಗೆ ಕಳಸ್ಲಿಕ್ಕೆ ಉಳಿಯೋದೆಷ್ಟು?

ನಾವು ಬಿಕಾಂನವರು, ಲೆಕ್ಕ ಕೇಳೋಣ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಕೆಲಸ. ಅದಕ್ಕಿಂತ ಹೆಚ್ಚಿಗೆ ದುಡಿಸಿದ್ರ ಎರಡು ಪಟ್ಟು ಕೂಲಿ. 2024ರಲ್ಲಿ ಇದನ್ನ 14 ತಾಸಿಗೆ ಏರಿಸೋ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ವಿರೋಧಿಸಿತು.

ದೋಸ್ತರೇ, ಆಫರ್ ಲೆಟರ್‌ನಾಗ ಬರೇ ಸಂಬಳ ನೋಡಬ್ಯಾಡ್ರಿ. ತಾಸು ಎಷ್ಟು, ಓಟಿ ಎಷ್ಟು ಕೇಳ್ರಿ. ಕೇಳಿದ್ದಕ್ಕೇ ಮುಖ ಸಿಂಡರಿಸೋ ಕಂಪನಿ ದುಡಿದ ಮ್ಯಾಲ ಕೊಡ್ತದೇನು?