ಕುಬಸಕ್ಕೂ ಮೊದಲಿನ ವಾರಗಳು

ಬಸುರಿನ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರುವಾಗುತ್ತದೆ. ಅಲ್ಲಿಂದ 280 ದಿನ, ಅಂದರೆ 40 ವಾರ ಎಣಿಸಿ ಹೆರಿಗೆಯ ತಾರೀಖನ್ನು ಅಂದಾಜು ಮಾಡುತ್ತಾರೆ. ಅಂಡ ಫಲಿಸುವುದು ಸುಮಾರು ಎರಡು ವಾರ ಕಳೆದ ಮೇಲೆ; ಅದು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಲು ಮತ್ತೆ ಆರರಿಂದ ಹತ್ತು ದಿನ ಬೇಕು. ಹೀಗಾಗಿ ಮುಟ್ಟು ತಪ್ಪಿತೆಂದು ಗೊತ್ತಾಗುವಾಗಲೇ ಲೆಕ್ಕದಲ್ಲಿ ನಾಲ್ಕು ವಾರ ಆಗಿಹೋಗಿರುತ್ತದೆ. ಆರನೆಯ ವಾರದ ಹೊತ್ತಿಗೆ ಹೃದಯ ಮಿಡಿಯಲು ತೊಡಗಿರುತ್ತದೆ. ಮುಂದೆ ಮೆದುಳು, ಬೆನ್ನುಹುರಿ ಆಗಬೇಕಾದ ನರಕೊಳವೆ ಮುಚ್ಚಿಕೊಳ್ಳುವುದೂ ಅದೇ ಸುಮಾರಿಗೆ. ಹತ್ತು ವಾರ ತುಂಬುವಾಗ ಭ್ರೂಣದ ಉದ್ದ ಮೂರು ಸೆಂಟಿಮೀಟರಿನಷ್ಟೇ. ಅಷ್ಟರಲ್ಲೇ ಮುಖ್ಯ ಅಂಗಗಳೆಲ್ಲ ಮೂಡಿರುತ್ತವೆ, ಮುಂದಿನ ತಿಂಗಳುಗಳ ಕೆಲಸ ಹೆಚ್ಚಾಗಿ ಬೆಳೆಯುವುದು, ಬಲಿಯುವುದು.

ಮನೆಯ ನೆನಪು ಮಾತ್ರ ಇಷ್ಟು ಬೇಗ ಶುರುವಾಗುವುದಿಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಬಸುರಿಯ ಸಂಭ್ರಮವೆಂದರೆ ಕುಬಸ. ಐದನೆಯ ಇಲ್ಲವೇ ಏಳನೆಯ ತಿಂಗಳಲ್ಲಿ ತವರಿನವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಆರತಿ ಮಾಡುತ್ತಾರೆ. ಕೆಲವು ಮನೆಗಳಲ್ಲಿ ಅದಕ್ಕೂ ಮೊದಲೇ, ಹೆಚ್ಚು ಜನರನ್ನು ಕರೆಯದೆ, ಕಳ್ಳ ಕುಬಸ ನಡೆಯುತ್ತದೆ. ಫೋಟೊ, ವಿಡಿಯೊ, ಆಲ್ಬಮ್ ಎಲ್ಲವೂ ಇಲ್ಲಿಂದ ಮುಂದಿನವು. ಅಂಗಾಂಗ ಮೂಡಿದ ವಾರಗಳ ಗುರುತು ಮನೆಯಲ್ಲಿ ಎಲ್ಲೂ ಉಳಿಯುವುದಿಲ್ಲ.

ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಎಂಬ ಹಿರಿಯರ ಮಾತಿಗೆ ಕಾರಣವಿದೆ. ಇಳಿದುಹೋಗುವ ಬಸುರುಗಳಲ್ಲಿ ಹೆಚ್ಚಿನವು ಮೊದಲ ಹನ್ನೆರಡು ವಾರದೊಳಗೇ ಇಳಿಯುತ್ತವೆ. ಊರಿಗೆಲ್ಲ ಹೇಳಿದ ಮೇಲೆ ಆ ದುಃಖವನ್ನು ಊರಿನೆದುರು ಹೊರಬೇಕಾಗುತ್ತದೆ. ಊರಿಗೆ ಹೇಳದಿರುವುದು ಹೆಣ್ಣಿನ ಹಕ್ಕು. ಆದರೆ ಆಶಾ ಕಾರ್ಯಕರ್ತೆಗೂ ಹೇಳದಿದ್ದರೆ ನಷ್ಟ ಅವಳದೇ. ನರಕೊಳವೆಗೆ ಬೇಕಾದ ಫೋಲಿಕ್ ಆಮ್ಲದ ಮಾತ್ರೆ ಗರ್ಭ ನಿಲ್ಲುವ ಮೊದಲಿನಿಂದಲೇ ಹೊಟ್ಟೆ ಸೇರಬೇಕು. ಮೂರು ತಿಂಗಳ ಮೌನ ಮುಗಿದ ಮೇಲೆ ತಿಂದರೆ ಆ ಕೆಲಸಕ್ಕೆ ಬಾರದು. ರಾಣೇಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಪರಾಗ ಮುಟ್ಟಿಸುವವರು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು ಬಹುಪಾಲು ಹೆಂಗಸರು. ಕೀಟನಾಶಕ ಹೊಡೆದ ಹೊಲದಿಂದ, ಘಾಟಿನ ಧೂಳಿನಿಂದ ದೂರ ಇರಬೇಕಾದ ವಾರಗಳೂ ಇವೇ. ಹೊಟ್ಟೆ ಕಾಣದ ಬಸುರಿಗೆ ಹಗುರ ಕೆಲಸ ಕೊಡಬೇಕೆಂದು ಯಾರಿಗೂ ತೋಚುವುದಿಲ್ಲ.

ಈ ವಾರಗಳ ಗುರುತು ಮನೆಯಲ್ಲಿ ಉಳಿಯದ ಕೊರತೆಯನ್ನು ಸರ್ಕಾರ ಕೊಡುವ ತಾಯಿ ಕಾರ್ಡ್ ಅರ್ಧ ತುಂಬುತ್ತದೆ. ಹನ್ನೆರಡು ವಾರದೊಳಗೆ ನೋಂದಣಿಯಾದರೆ ಮುಟ್ಟಿನ ತಾರೀಖು, ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಒಂದೊಂದಾಗಿ ಅದರಲ್ಲಿ ಕೂಡುತ್ತವೆ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿಯೇ ಉಚಿತ ತಪಾಸಣೆ ಇದೆ. ಆದರೆ ಕಾರ್ಡಿಗೆ ಬೇಕಾದದ್ದು ಅಂಕಿಗಳು. ಯಾವ ವಾರ ಒಗ್ಗರಣೆಯ ವಾಸನೆಗೆ ವಾಕರಿಕೆ ಬಂತು, ಯಾವುದಕ್ಕೆ ಬಾಯಿ ಬಯಸಿತು, ವಿಷಯವನ್ನು ಮೊದಲು ಯಾರಿಗೆ ಹೇಳಿದಳು, ಸ್ಕ್ಯಾನಿಂಗ್ ಕೋಣೆಯಲ್ಲಿ ಮಿಡಿತ ಕಂಡಾಗ ಏನನ್ನಿಸಿತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಉತ್ತರ ಕರ್ನಾಟಕದ ಹಾಡುಗಾರ್ತಿಯರಿಗೆ ಇದರ ಬೆಲೆ ಗೊತ್ತಿತ್ತು. ಅವರ ಬಯಕೆಯ ಹಾಡುಗಳು ತಿಂಗಳು ತಿಂಗಳಿಗೂ ಬಸುರಿಯ ನಾಲಿಗೆ ಏನನ್ನು ಬೇಡಿತೆಂದು ಎಣಿಸುತ್ತ ಹೋಗುತ್ತವೆ. ಬೀಸುವ ಕಲ್ಲು ಮನೆಯಿಂದ ಹೊರಬಿದ್ದ ಮೇಲೆ ಅಂಥ ಹಾಡಿಗೆ ಕೂಡುವ ಹೊತ್ತೂ ಹೋಯಿತು. ಆ ಜಾಗದಲ್ಲಿ ಒಂದು ನೋಟ್‌ಬುಕ್ ಇರಬೇಕು. ಬರೆಯಲು ಬಾರದವರು ಮೊಬೈಲಿನಲ್ಲಿ ಮಾತಾಡಿಟ್ಟರೂ ಸಾಕು.

ಬಸುರು ನಿಲ್ಲದೆ ಹೋದರೆ ಬರೆದದ್ದು ನೋವನ್ನೇ ನೆನಪಿಸುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಬರೆಯದಿದ್ದರೆ ನೋವು ಮರೆಯುತ್ತದೆ ಎನ್ನುವಂತಿಲ್ಲ. ಕುಬಸ ಕಾಣದೆ ಇಳಿದ ಬಸುರಿಗೆ ಶಾಸ್ತ್ರವಿಲ್ಲ, ಅಳಲು ಜಾಗವಿಲ್ಲ, ವರ್ಷ ಕಳೆದ ಮೇಲೆ ಅದು ಆಗಿತ್ತೆಂದು ಹೇಳುವವರೂ ಉಳಿಯುವುದಿಲ್ಲ. ಮುಂದಿನ ಸಲ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು: ಹಿಂದೆ ಎಷ್ಟು ಸಲ ನಿಂತಿತ್ತು, ಯಾವ ತಿಂಗಳಲ್ಲಿ ಹೋಯಿತು? ತಾರೀಖು ಬರೆದಿಟ್ಟವಳು ಸರಿಯಾದ ಉತ್ತರ ಕೊಡಬಲ್ಲಳು.

ಬರೆಯಬೇಕಾದದ್ದು ಹೆಚ್ಚೇನಿಲ್ಲ. ಕೊನೆಯ ಮುಟ್ಟಿನ ತಾರೀಖು, ಪರೀಕ್ಷೆ ಮಾಡಿದ ದಿನ, ಮಾತ್ರೆ ಆರಂಭಿಸಿದ ದಿನ, ವಾರಕ್ಕೆರಡು ಸಾಲಿನಲ್ಲಿ ದೇಹದ, ಮನಸ್ಸಿನ ಸ್ಥಿತಿ. ಮೊದಲ ಸ್ಕ್ಯಾನಿಂಗ್ ಚಿತ್ರವನ್ನೂ ಜೊತೆಗಿಡಬಹುದು. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯಂತೆ ಅಪರಾಧ. ಚಿತ್ರ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅದು ಹೆಚ್ಚಾಗಿ ಥರ್ಮಲ್ ಕಾಗದದ ಮೇಲಿರುವುದರಿಂದ ಬಿಸಿಲಿಗೆ, ಸೆಕೆಗೆ ಮಾಸುತ್ತದೆ, ಬಿಸಿ ಲ್ಯಾಮಿನೇಶನ್ ಮಾಡಿಸಿದರೆ ಕಪ್ಪಾಗುತ್ತದೆ. ಕೈಗೆ ಬಂದ ದಿನವೇ ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಒಂದು ಝೆರಾಕ್ಸ್ ಮಾಡಿಸಿ ತಾಯಿ ಕಾರ್ಡಿನೊಳಗೆ ಇಡಬೇಕು.